ಇನ್ನೊಂದು ತುದಿ

ಜನವರಿ 18, ಶನಿವಾರ

ಇದನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ಶಾಲೆ, ಕಾಲೇಜು ಎಲ್ಲ ಇಂಗ್ಲಿಷಿನಲ್ಲಿ ಕಲಿತ ನನಗೆ ಇಂಗ್ಲಿಷ್ ಸುಲಭ. ಆದರೆ ಇಂಗ್ಲಿಷಿನಲ್ಲಿ ಬರೆದರೆ ಅದು ವರದಿಯಾಗುತ್ತದೆ. ಎಲ್ಲವೂ ಸರಿಯಾಗಿಯೇ ನಡೆದಂತೆ ಕಾಣುತ್ತದೆ.

ಚರ್ಚಿನಲ್ಲಿ ಜೊತೆಗಾರರ ತರಬೇತಿ ಇವತ್ತು ಶುರುವಾಯಿತು. ಸಭೆಯಲ್ಲಿ ಯಾರಿಗಾದರೂ ಸಾವು, ಕಾಯಿಲೆ, ಒಡೆದ ಸಂಸಾರ ಇಂಥ ಕಷ್ಟ ಬಂದಾಗ, ನಮ್ಮಲ್ಲೊಬ್ಬರು ವಾರಕ್ಕೊಮ್ಮೆ ಅವರ ಮನೆಗೆ ಹೋಗಿ ಒಂದು ತಾಸು ಕುಳಿತು ಬರಬೇಕು. ಬುದ್ಧಿ ಹೇಳಬಾರದು. ‘ಎಲ್ಲ ದೇವರ ಚಿತ್ತ’ ಅನ್ನಬಾರದು. ನಮ್ಮ ಕಥೆ ತೆಗೆಯಬಾರದು. ಅವರು ಕೇಳಿದರೆ ಮಾತ್ರ ಪ್ರಾರ್ಥನೆ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಕೊನೆಯದನ್ನು ಸಭಾಪಾಲಕರು ಎರಡು ಸಲ ಹೇಳಿದರು.

ಆಮೇಲೆ ಜೋಡಿಯಾಗಿ ಅಭ್ಯಾಸ. ಪ್ರಮಿಳಾ ಅಕ್ಕನಿಗೆ ಗಂಡ ತೀರಿಕೊಂಡವಳ ಪಾತ್ರ, ನಾನು ಜೊತೆಗಾರ್ತಿ. ಅಕ್ಕ ಸೆರಗು ಬಾಯಿಗಿಟ್ಟು, “ನನ್ನ ರಾಜಾ, ನನ್ನ ಬಿಟ್ಟ ಹೆಂಗ ಹ್ವಾದ್ಯೋ! ಇನ್ನ ಗ್ಯಾಸ್ ಬುಕ್ ಮಾಡಾವ್ರು ಯಾರೋ!” ಎಂದು ಎದೆ ಬಡಿದುಕೊಂಡಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿ ನನ್ನ ಕಡೆ ನೋಡಿದರು. ಅಕ್ಕ ನಾಲಿಗೆ ಕಚ್ಚಿಕೊಂಡಳು. “ಎಸ್ತರ, ಖರೇನ ನೆನಪ ಆಗಲಿಲ್ಲವಾ ನನಗ.”

“ಚೆನ್ನಾಗಿ ಮಾಡಿದಿರಿ,” ಎಂದೆ.

ಹೊರಡುವಾಗ ಸಭಾಪಾಲಕರು ಕೇಳಿದರು, ಇದು ನನಗೆ ತೀರ ಬೇಗವಾಯಿತೇ ಎಂದು. ನನ್ನ ಗಂಡ ವಿನಯ ಹೋದಮೇಲೆ ಎರಡು ಕ್ರಿಸ್ಮಸ್ ಆದವು. ನಾನು ಸರಿಯಾಗಿದ್ದೇನೆ ಎಂದೆ. ಸರಿಯಾಗಿಯೇ ಇದ್ದೇನೆ.

ಫೆಬ್ರವರಿ 9, ರವಿವಾರ

ಇವತ್ತು ಇಡೀ ಸಭೆಯ ಮುಂದೆ ನಮ್ಮನ್ನು ಮಂಡಿಯೂರಿಸಿ ತಲೆಯ ಮೇಲೆ ಕೈಯಿಟ್ಟು ನೇಮಿಸಿದರು. ಸಭಾಪಾಲಕರ ಅಂಗೈ ಬಿಸಿಯಾಗಿತ್ತು. ಎಷ್ಟೋ ದಿನದ ಮೇಲೆ ಯಾರೋ ನನ್ನ ತಲೆ ಮುಟ್ಟಿದ್ದು ಎಂದು ಹೊಳೆಯಿತು. ಅದು ಆ ಹೊತ್ತಿಗೆ ಬೇಕಾದ ಯೋಚನೆಯಲ್ಲ.

ನನಗೆ ಕೊಟ್ಟಿರುವುದು ಖಾನಾಪುರದ ಸಾವಂತ್ರವ್ವ. ಗಂಡ ಯೋಹಾನಪ್ಪನಿಗೆ ಮರೆವಿನ ಕಾಯಿಲೆ. “ಖಾನಾಪುರದವರನ್ನೇ ಕಳಿಸಿದರೆ ಮಾತು ಊರೆಲ್ಲ ಹರಡುತ್ತದೆ. ನೀವು ಹೊರಗಿನವರು, ಅದೂ ಮಾತು ಕಡಿಮೆ,” ಎಂದರು ಸಭಾಪಾಲಕರು. ಹೊಗಳಿಕೆಯೆಂದೇ ತೆಗೆದುಕೊಂಡೆ.

ಫೆಬ್ರವರಿ 12, ಬುಧವಾರ

ಮೊದಲ ಭೇಟಿ. ಬೆಳಗಾವಿಯ ಬಸ್ಸಿಳಿದು, ಮುಚ್ಚಿಹೋದ ಹೆಂಚಿನ ಕಾರ್ಖಾನೆಯ ಹಿಂದಿನ ಓಣಿ. ಎರಡು ಕೋಣೆಯ ಮನೆ, ಮೇಲೆ ಹೆಂಚು. ಯೋಹಾನಪ್ಪ ಆ ಕಾರ್ಖಾನೆಯಲ್ಲಿ ಸುಟ್ಟ ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದು ನೋಡುವವರಾಗಿದ್ದರಂತೆ. ಠಣ್ ಎಂದರೆ ಬೆಂದಿದೆ. ಬೊದ್ದಾಗಿ, ಮಂದ ಸದ್ದು ಬಂದರೆ ಹಸಿ, ಇಲ್ಲವೇ ಒಳಗೆ ಸೀಳಿದೆ. ಈಗ ಹೆಂಡತಿಯ ಹೆಸರು ಮರೆತಿದೆ; ಬಡಿಯುವುದು ಮರೆತಿಲ್ಲ.

“ಬರ್ರಿ ಬಾಯಾರ, ಕುಂದರ್ರಿ,” ಎಂದು ಸಾವಂತ್ರವ್ವ ಚಾಪೆ ಹಾಸಿದರು. “ಇವರ ಕೈಗೆ ಸಿಗಬ್ಯಾಡ್ರಿ ಮತ್ತ. ಮೊನ್ನೆ ಹಾಲಿನಾವನ ತಲಿ ಬಡದ ನೋಡಿ ‘ಇನ್ನೂ ಹಸಿ ಐತಿ’ ಅಂದ್ರು. ಅಂವಾ ಸಿಟ್ಟಾಗಿ ಹಾಲ ಬಂದ್ ಮಾಡ್ಯಾನ.”

ಮುದುಕರು ಬಂದು ನನ್ನ ಪಕ್ಕ ಕುಳಿತರು. ನನ್ನ ಕೈ ಎತ್ತಿಕೊಂಡು, ಗಂಭೀರವಾಗಿ, ಮಣಿಕಟ್ಟಿನ ಮೇಲೆ ಬಡಿದು ಕಿವಿಗೊಟ್ಟರು.

“ಸೀಳೈತಿ. ಬಾಜೂಕ ಇಡ್ರಿ.”

ಸಾವಂತ್ರವ್ವ ನಕ್ಕುಬಿಟ್ಟರು. “ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಮನಿ ಮ್ಯಾಲಿನವೂ ಎಲ್ಲಾ ಸೀಳಿದ್ವಾ. ಮಾಲಕರು ಪುಗಸಟ್ಟೆ ಕೊಟ್ಟಿದ್ರು.”

ನಾನೂ ನಕ್ಕೆ. ಒಂದು ತಾಸಿಗಿಂತ ತುಸು ಹೆಚ್ಚೇ ಕುಳಿತೆ. ಏನೂ ತಪ್ಪು ಹೇಳಲಿಲ್ಲ ಎಂದುಕೊಳ್ಳುತ್ತೇನೆ.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಬೂದಿ ಬುಧವಾರದ ಆರಾಧನೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಹಾಗೆಯೇ ಬಸ್ಸು ಹತ್ತಿದೆ. ಕಾಕೂ (ಸಾವಂತ್ರವ್ವನನ್ನು ಈಗ ಹಾಗೇ ಕರೆಯುತ್ತೇನೆ, ಅವರೇ ಹೇಳಿದರು) ತಮ್ಮ ಮದುವೆಯ ಕಥೆ ಹೇಳಿದರು. ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುತ್ತಿದ್ದವರು ಅವರು. ಯೋಹಾನಪ್ಪನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಇವರನ್ನು ಮದುವೆಯಾದರು. ಮೊದಲ ಹೆಂಡತಿಯ ಮಗಳು ಮನಿಷಾ ಆಗಲೇ ದೊಡ್ಡವಳು. ಇವರನ್ನು ಇವತ್ತಿಗೂ ‘ಮೌಶಿ’, ಚಿಕ್ಕಮ್ಮ ಎನ್ನುತ್ತಾಳೆ, ಅವ್ವ ಎನ್ನುವುದಿಲ್ಲ. ಈಗ ಬೆಳಗಾವಿಯ ಹತ್ತಿರದ ಸಾಂಬ್ರಾದಲ್ಲಿ ಗಂಡನ ಮನೆಯಲ್ಲಿದ್ದಾಳೆ.

“ಕೆಟ್ಟಾಕಿ ಅಲ್ರಿ ಆಕಿ. ಅಪ್ಪನ ಮ್ಯಾಲೆ ಜೀವ. ಆದ್ರ ನನ್ನ ಕೈಯಾಗ ಬಿಡಾಕ ಆಕಿಗೆ ಧೈರ್ಯ ಆಗವಲ್ದು.”

ನಡುವೆ ಕೇಳಿದರು, “ನಿಮ್ಮ ಯಜಮಾನ್ರು ಏನ ಮಾಡ್ತಾರ್ರಿ?”

“ಇಲ್ಲ,” ಎಂದೆ. “ನಿಮ್ಮ ಮಂಡಿನೋವು ಹೇಗಿದೆ ಕಾಕೂ?”

ನಿಯಮದಂತೆ ಅದು ಸರಿ. ಮಾತು ಅವರ ಕಡೆಗೇ ಹೊರಳಿತು. ಆದರೂ ಕಾಕೂ ಸ್ವಲ್ಪ ಹೊತ್ತು ನನ್ನನ್ನೇ ನೋಡುತ್ತಿದ್ದರು.

ಮಾರ್ಚ್ 19, ಬುಧವಾರ

ಕಾಕೂನ ಮಣಿಕಟ್ಟಿನಲ್ಲಿ ಕೆಂಪು ಗೆರೆ ಕಂಡೆ. ಕೇಳಲಿಲ್ಲ, ಕಾದೆ. ಅವರೇ ಹೇಳಿದರು.

“ರಾತ್ರಿ ಎದ್ದ ಹೊಂಟಬಿಡ್ತಾರ್ರಿ. ‘ಹೆಂಚಿನ ಭಟ್ಟಿ ಆರತೈತಿ, ಕಟಗಿ ಒಟ್ಟಬೇಕು’ ಅಂತಾರ. ಹ್ವಾದ ತಿಂಗಳ ರೇಲ್ವೆ ಹಳಿ ಮ್ಯಾಲೆ ಸಿಕ್ಕ್ರು. ನನಗೂ ವಯಸ್ಸಾತು, ಕಣ್ಣ ಹತ್ತಿದ್ರ ಎಚ್ಚರ ಆಗೂದಿಲ್ಲ. ಅದಕ್ಕ ಕಟ್ಟತೀನ್ರಿ.”

ಅವರು ಹಾಸಿಗೆಯಡಿಯಿಂದ ಬಟ್ಟೆಯ ಪಟ್ಟಿ ತೆಗೆದು ತೋರಿಸಿದರು. ಹಸಿರು ಇಳಕಲ್ ಸೀರೆಯಿಂದ ಉದ್ದಕ್ಕೆ ಹರಿದದ್ದು.

“ಒಂದ ತುದಿ ಅವರ ಕೈಗೆ, ಇನ್ನೊಂದ ತುದಿ ನನ್ನ ಕೈಗೆ. ಅವರು ಎದ್ರ ನನ್ನ ಕೈ ಜಗ್ಗತೈತಿ. ‘ಎಲ್ಲಿ ಹೊಂಟ್ರಿ?’ ಅಂತೀನಿ. ಅಷ್ಟ ಕೇಳಿದ್ರ ಸಾಕು, ‘ಎಲ್ಲೂ ಇಲ್ಲ’ ಅಂದು ಮತ್ತ ಮಲಗತಾರ. ಪಾಪ ಆಗತೈತೇನ್ರಿ ಬಾಯಾರ, ಹಿಂಗ ಮನಷ್ಯಾನ್ನ ಕಟ್ಟೂದು?”

ಏನು ಹೇಳಿದೆನೋ ನೆನಪಿಲ್ಲ. ತರಬೇತಿಯಲ್ಲಿ ಕಲಿತ ಯಾವುದೋ ಮಾತು ಹೇಳಿರಬೇಕು.

“ಮನಿಷಾನ ಕಿವಿಗೆ ಬೀಳಬಾರದ್ರಿ. ಬಿದ್ದ್ರ ಕರಕೊಂಡ ಹೋಗೇ ಬಿಡ್ತಾಳ. ನನಗ ಬ್ಯಾರೆ ಏನೂ ಬ್ಯಾಡ, ಇವರ ಜೀವ ಈ ಮನ್ಯಾಗ, ನನ್ನ ಕೈಯಾಗ ಹೋಗಲಿ. ನಿಮಗೊಬ್ಬರಿಗೇ ಹೇಳೀನಿ.”

ಯಾರಿಗೂ ಹೇಳುವುದಿಲ್ಲ ಎಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಮಡಿಲಲ್ಲಿಟ್ಟೆ, ಚೀಲದ ಮೇಲಿಟ್ಟೆ, ಮುಂದಿನ ಸೀಟಿನ ಕಂಬಿ ಹಿಡಿದು ತಕ್ಷಣ ಬಿಟ್ಟೆ. ಆ ಒಂದೇ ಮಾತು ತಲೆಯಲ್ಲಿ ಕುಳಿತಿದೆ. ಕಟ್ಟತೀನಿ. ಕಟ್ಟತೀನಿ.

ಮಾರ್ಚ್ 20

ಊಟ ಸೇರಲಿಲ್ಲ. ಬೇರೇನೂ ಇಲ್ಲ.

ಮಾರ್ಚ್ 21, ಶುಕ್ರವಾರ

ಟಿಳಕವಾಡಿಯ ಪ್ರಮಿಳಾ ಅಕ್ಕನ ಮನೆಯಲ್ಲಿ ಸ್ತ್ರೀಯರ ಕೂಟ. ಕೊನೆಯಲ್ಲಿ ಸರಪಳಿ ಪ್ರಾರ್ಥನೆ: ಒಬ್ಬರು ಮುಗಿಸಿದ ಕೂಡಲೇ ಪಕ್ಕದವರು ಶುರು ಮಾಡಬೇಕು. ವಿನಯ ಹೋದಾಗಿನಿಂದ ನನ್ನ ಸರದಿ ಬಂದರೆ ಪಕ್ಕದವರ ಕೈ ಮುಟ್ಟಿ ಮುಂದಕ್ಕೆ ಕಳಿಸುತ್ತಿದ್ದೆ. ಇವತ್ತು ಬಾಯಿ ತೆರೆಯಿತು. ಅದೂ ಕನ್ನಡದಲ್ಲಿ.

“ಕರ್ತನೇ, ಗಂಡನ ಕೈಯನ್ನು ಕಟ್ಟಿಹಾಕಿ ಮಲಗಬೇಕಾದಷ್ಟು ದಣಿದ ಆ ತಾಯಿಯನ್ನು ನೋಡು. ಕಟ್ಟಿಸಿಕೊಂಡು ಮಲಗಿರುವ ಆ ಕೈಗಳನ್ನು ನೋಡು. ಅವುಗಳನ್ನು ಬಿಡಿಸು.” ಇಷ್ಟು ಹೇಳುವಷ್ಟರಲ್ಲಿ ಅಳು ಬಂತು. ಎಷ್ಟು ಹೊತ್ತು ಅತ್ತೆನೋ. ಹೆಂಗಸರೆಲ್ಲ ಎದ್ದು ಬಂದು ನನ್ನ ಸುತ್ತ ನಿಂತರು. ಯಾರದೋ ಸೆರಗಿನಲ್ಲಿ ಒಗ್ಗರಣೆಯ ವಾಸನೆ ಇತ್ತು. ಅದರಲ್ಲಿ ಮುಖ ಹುದುಗಿಸಿದೆ.

ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ನಿಯಮ ಮುರಿದಿಲ್ಲ.

ಚಹಾ ಕೊಡುವಾಗ ಪ್ರಮಿಳಾ ಅಕ್ಕ ಬೆನ್ನು ಸವರಿ ಹೇಳಿದಳು, “ಚಕ್ಕಲಿ ಕಟ್ಟಿಕೊಡ್ತೀನಿ, ಬುಧವಾರ ಹೋಗಾಗ ಒಯ್ಯು. ಪಾಪ, ಆ ಮುದುಕರಿಗೆ ಹಲ್ಲ ಅದಾವೋ ಇಲ್ಲೋ.” ಎಂಥ ಒಳ್ಳೆಯ ಮನಸ್ಸು.

ಎಷ್ಟೋ ತಿಂಗಳುಗಳ ಮೇಲೆ ಇವತ್ತು ಹಗುರವಾಗಿದ್ದೇನೆ. ಈಗ ಮಲಗುತ್ತೇನೆ. ನಿದ್ದೆ ಬರುತ್ತದೆ ಎನ್ನಿಸುತ್ತದೆ.

ಮಾರ್ಚ್ 26, ಬುಧವಾರ

ಕಾಕೂ ಅರ್ಧ ಬಾಗಿಲು ಮಾತ್ರ ತೆರೆದರು.

“ನಾ ನಿಮಗೊಬ್ಬರಿಗೇ ಹೇಳಿದ್ದೆ.”

ಮನಿಷಾ ರವಿವಾರ ಕಾರು ತಂದಿದ್ದಳಂತೆ. ಅಪ್ಪನನ್ನು ಕೂಡಿಸಿಕೊಂಡು, ಎರಡು ಲುಂಗಿ, ಔಷಧದ ಡಬ್ಬಿ ತೆಗೆದುಕೊಂಡು ಹೋದಳಂತೆ. ‘ನಮ್ಮಪ್ಪನ್ನ ದನಾ ಕಟ್ಟಿದಂಗ ಕಟ್ಟತೀಯಂತಲ್ಲ ಮೌಶಿ, ಚರ್ಚಿನಾಗ ಪ್ರಾರ್ಥನಾ ಮಾಡೂ ಮಟಾ ಬಂತು’ ಅಂದಳಂತೆ. ಓಣಿಯವರೆಲ್ಲ ಹೊರಗೆ ನಿಂತಿದ್ದರಂತೆ. ಕಾರು ಹೊರಟಾಗ ಯೋಹಾನಪ್ಪ ಕಿಟಕಿಯ ಗಾಜು ಬಡಿಯುತ್ತಿದ್ದರಂತೆ. ಹೆಂಡತಿಯನ್ನು ಕರೆಯಲಿಕ್ಕೋ, ಗಾಜು ಬೆಂದಿದೆಯೋ ಎಂದು ನೋಡಲಿಕ್ಕೋ ಗೊತ್ತಾಗಲಿಲ್ಲ ಎಂದರು.

“ಕಾಕೂ, ನಾನು ಹೆಸರು ಹೇಳಲಿಲ್ಲ…”

“ಬುಧವಾರಕ್ಕೊಮ್ಮೆ ಬೆಳಗಾವಿಂದ ನೀವು ಯಾರ ಮನಿಗೆ ಬರ್ತೀರಿ ಅಂತ ಯಾರಿಗೆ ಗೊತ್ತಿಲ್ರಿ?” ಆಮೇಲೆ ದನಿ ತಗ್ಗಿಸಿ, “ಇನ್ನೊಂದ ತುದಿ ಎಲ್ಲಿರತೈತಿ ಅಂತ ಹೇಳಿದ್ರೇನ್ರಿ, ದೇವರಿಗೆ?”

ಬಾಗಿಲು ಮುಚ್ಚಿತು. ಚಕ್ಕಲಿಯ ಚೀಲ ಕೈಯಲ್ಲೇ ಇತ್ತು. ಕಟ್ಟೆಯ ಮೇಲಿಟ್ಟೆ, ಮತ್ತೆ ತೆಗೆದುಕೊಂಡೆ. ಅದನ್ನು ಅಲ್ಲಿ ಬಿಟ್ಟುಬರುವುದು ಅವಮಾನ ಎನ್ನಿಸಿತು.

ಹೇಳಲಿಲ್ಲ. ಇನ್ನೊಂದು ತುದಿಯನ್ನು ಹೇಳಲೇ ಇಲ್ಲ. ಅವರು ಹೇಳಿದ್ದನ್ನು ಇದೇ ಪುಟಗಳಲ್ಲಿ ಬರೆದಿದ್ದೇನೆ, ಆದರೆ ಪ್ರಾರ್ಥಿಸುವಾಗ ಅದು ನನ್ನ ನೆನಪಿನಲ್ಲೇ ಇರಲಿಲ್ಲ.

ಮಾರ್ಚ್ 29, ಶನಿವಾರ

ಸಾಂಬ್ರಾಕ್ಕೆ ಹೋಗಿದ್ದೆ. ಮನಿಷಾಳ ಮನೆ ಚೊಕ್ಕಟವಾಗಿದೆ. ತಾನು ಪಡಸಾಲೆಯಲ್ಲಿ ನೆಲದ ಮೇಲೆ ಮಲಗಿ, ಅಪ್ಪನಿಗೆ ತನ್ನ ಮಂಚ ಬಿಟ್ಟುಕೊಟ್ಟಿದ್ದಾಳೆ. ಅವರು ಮಂಚದಂಚಿನಲ್ಲಿ ಕುಳಿತು ಗೋಡೆ ಬಡಿಯುತ್ತಿದ್ದರು. ಹೊಸ ಮನೆಯ ಗೋಡೆ, ಬೊದ್ದು ಸದ್ದು.

ಬಟ್ಟೆಯ ಇನ್ನೊಂದು ತುದಿಯ ಬಗ್ಗೆ ಹೇಳಿದೆ. ಇವರನ್ನು ಖಾನಾಪುರಕ್ಕೆ ಕಳಿಸು, ಇಲ್ಲವೇ ಕಾಕೂನನ್ನಾದರೂ ಇಲ್ಲಿಗೆ ಕರೆಸಿಕೋ ಎಂದೆ.

“ಪ್ರಾರ್ಥನಾದಾಗ ಒಂದ ಹೇಳ್ತೀರಿ, ನನ್ನ ಮುಂದ ಒಂದ ಹೇಳ್ತೀರಿ. ಯಾವುದ ಖರೇರಿ?” ಎಂದಳು ಮನಿಷಾ. ಅವಳ ಕಣ್ಣುಗಳೂ ನಿದ್ದೆಯಿಲ್ಲದೆ ಊದಿದ್ದವು. “ನಿಮ್ಮ ಮನಿಯವರ ಕೈ ಯಾರರ ಕಟ್ಟಿದ್ರ, ನಿಮಗ ಹೆಂಗ ಅನಸ್ತಿತ್ರಿ?”

ಎದ್ದು ಬಂದೆ.

ಕಟ್ಟಿದ್ದರು. ಆಸ್ಪತ್ರೆಯಲ್ಲಿ, ಎರಡೂ ಕೈ, ಮಂಚದ ಕಂಬಿಗೆ, ಬಿಳಿ ಬ್ಯಾಂಡೇಜಿನಿಂದ. ನಳಿಕೆ ಕಿತ್ತುಕೊಳ್ಳುತ್ತಾರೆ, ಬೇರೆ ದಾರಿಯಿಲ್ಲ ಮ್ಯಾಡಮ್ ಎಂದರು ನರ್ಸ್. ಅದು ನಿಜವಾಗಿತ್ತು. ಬಾಗಿಲಿನ ಗಾಜಿನಿಂದ ನೋಡುತ್ತಿದ್ದೆ. ವಿನಯ ನನ್ನನ್ನು ನೋಡಿ ಕೈ ಎತ್ತಲು ಹೋದ. ಏಳಲಿಲ್ಲ. ಬೆರಳುಗಳು ಮಾತ್ರ ಆಡಿದವು, ಹಾರ್ಮೋನಿಯಂ ಮೇಲೆ ಆಡುವ ಹಾಗೆ.

ಇದನ್ನು ಇಲ್ಲಿಯವರೆಗೆ ಯಾವ ಭಾಷೆಯಲ್ಲೂ ಬರೆದಿರಲಿಲ್ಲ.

ಮಾರ್ಚ್ 30, ರವಿವಾರ

ಸಭಾಪಾಲಕರಿಗೆ ಎಲ್ಲ ಹೇಳಿದೆ. ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ನಮಗೆ ಕಲಿಸಿದಂತೆಯೇ ಕುಳಿತು ಕೇಳಿದರು. ಹೀಗೆ ಕೇಳಿಸಿಕೊಳ್ಳುವವರ ಎದುರು ಕುಳಿತರೆ ನಮ್ಮದೇ ಮಾತು ನಮಗೆ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ! ಇವತ್ತಿನವರೆಗೆ ನಾನು ಆ ಕಡೆಯ ಕುರ್ಚಿಯಲ್ಲಿ ಕುಳಿತಿರಲಿಲ್ಲ.

ಕೊನೆಗೆ, “ಸ್ವಲ್ಪ ದಿನ ಹೋಗಬೇಡಿ. ಖಾನಾಪುರಕ್ಕೆ ಬೇರೆಯವರನ್ನು ನೋಡುತ್ತೇನೆ,” ಎಂದರು.

ಪ್ರಮಿಳಾ ಅಕ್ಕ ಗೇಟಿನ ಬಳಿ ಕೈ ಹಿಡಿದು ಅತ್ತಳು. “ನಾ ಬರೇ ನಮ್ಮ ಅಕ್ಕಗ ಹೇಳಿದ್ನೆವಾ, ಪ್ರಾರ್ಥನಾ ಮಾಡಲಿ ಅಂತ.” ಅಕ್ಕನ ಅಕ್ಕ ಸಾಂಬ್ರಾದವಳು. ಎಲ್ಲರೂ ಪ್ರಾರ್ಥನೆಗಾಗಿಯೇ ಹೇಳಿದ್ದೇವೆ.

ಏಪ್ರಿಲ್ 10, ಗುರುವಾರ

ಬೆಳಿಗ್ಗೆ ಫೋನು. ಕಾಕೂ.

“ಸಾಂಬ್ರಾದಾಗ ಮೆಟ್ಟಲ ಮ್ಯಾಲಿಂದ ಬಿದ್ದಾರಂತ. ಬೆಳಗಾವಿ ದವಾಖಾನ್ಯಾಗ ಅದಾರಂತ. ನನಗ ಅಲ್ಲಿ ದಾರಿ ತಿಳೀವಲ್ದು. ಸ್ಟ್ಯಾಂಡಿಗೆ ಬರ್ರಿ.” ಅಷ್ಟೇ. ‘ಬರ್ತೀರೇನು’ ಎಂದು ಕೇಳಲಿಲ್ಲ.

ಬಸ್ಸಿಳಿದವರು ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆದರು. ರಿಕ್ಷಾದಲ್ಲಿ ಚೀಲವನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡರು.

ಯೋಹಾನಪ್ಪ ರಾತ್ರಿ ಎದ್ದು ಭಟ್ಟಿಗೆ ಹೊರಟಿದ್ದರಂತೆ. ಮನಿಷಾಳ ಮನೆಯಲ್ಲಿ ಅವರ ಕೈ ಖಾಲಿಯಿತ್ತು. ಸೊಂಟ ಮುರಿದಿದೆ, ಈಗ ಎದೆಯಲ್ಲಿ ಕಫ. ಮನಿಷಾ ವಾರ್ಡಿನ ಹೊರಗೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು.

ಒಳಗೆ ಅವರ ಬಲಗೈಯನ್ನು ಬ್ಯಾಂಡೇಜಿನಿಂದ ಕಂಬಿಗೆ ಕಟ್ಟಿದ್ದರು. ನಾನು ಬಾಗಿಲಲ್ಲೇ ನಿಂತೆ. ಕಾಕೂ ನಿಲ್ಲಲಿಲ್ಲ. ಸೀದಾ ಹೋಗಿ ಕಂಬಿಯ ಕಡೆಯ ಗಂಟು ಬಿಚ್ಚತೊಡಗಿದರು. ನರ್ಸ್ ಬೇಡ ಎಂದಳು. “ಬಿಚ್ಚೂದಿಲ್ಲವಾ, ಬ್ಯಾರೆ ಕಡೆ ಕಟ್ಟತೀನಿ,” ಎಂದು ಆ ತುದಿಯನ್ನು ತಮ್ಮ ಮಣಿಕಟ್ಟಿಗೆ ಸುತ್ತಿ, ಹಲ್ಲಿನಿಂದ ಗಂಟು ಬಿಗಿದರು. ನರ್ಸ್ ನೋಡುತ್ತ ನಿಂತಳು, ಆಮೇಲೆ ಒಂದು ಸ್ಟೂಲು ತಂದುಕೊಟ್ಟಳು.

ಯೋಹಾನಪ್ಪನಿಗೆ ಎಚ್ಚರವಾಯಿತು. ಹೆಂಡತಿಯ ಗುರುತು ಹತ್ತಲಿಲ್ಲ. ನಿಧಾನ ಕೈ ಎತ್ತಿದರು. ಜೊತೆಗೆ ಕಾಕೂನ ಕೈಯೂ ಎದ್ದಿತು. ಗೆಣ್ಣಿನಿಂದ ಕಾಕೂನ ಹಣೆ ಬಡಿದು, ಕಿವಿಗೊಟ್ಟು ಹೇಳಿದರು:

“ಇದು ನಮ್ಮ ಭಟ್ಟೀದು.”

“ಹೂಂನ್ರಿ, ನಿಮ್ಮ ಭಟ್ಟೀದ.”

“ಆರತೈತೇನು?”

“ಇಲ್ರಿ, ಉರ್ಯಾಕತ್ತೈತಿ. ನಾ ಕಟಗಿ ಒಟ್ಟೀನಿ. ನೀವು ಮಲಗ್ರಿ.”

ಮಲಗಿದರು. ಮನಿಷಾ ನನ್ನ ಪಕ್ಕ ಬಂದು ನಿಂತಿದ್ದಳು. ಬಟ್ಟೆಯ ಎರಡೂ ತುದಿಗಳನ್ನು ನೋಡಿದಳು. “ಅವ್ವಾ,” ಎಂದಳು. ಕಾಕೂ ತಿರುಗಿ ನೋಡಲಿಲ್ಲ. ಕೇಳಿಸಲಿಲ್ಲವೇನೋ.

ಏಪ್ರಿಲ್ 13, ರವಿವಾರ

ಗರಿಗಳ ರವಿವಾರ. ಮಕ್ಕಳು ಗರಿ ಹಿಡಿದು ಚರ್ಚು ಸುತ್ತುತ್ತಿದ್ದಾಗ ಮನಿಷಾಳ ಫೋನು ಬಂತು.

ಕಾಕೂನ ಕೈಯಲ್ಲೇ ಹೋದರಂತೆ. ಆದರೆ ಆ ಮನೆಯಲ್ಲಿ ಅಲ್ಲ.

ಏಪ್ರಿಲ್ 14, ಸೋಮವಾರ

ಖಾನಾಪುರದಲ್ಲಿ ಮಣ್ಣು ಕೊಟ್ಟೆವು. ಪೆಟ್ಟಿಗೆ ಇಳಿಸುವ ಮುಂಚೆ ಕಾಕೂ ಬಗ್ಗಿ ಮುಚ್ಚಳವನ್ನು ಒಮ್ಮೆ ಬಡಿದರು.

ಏಪ್ರಿಲ್ 23, ಬುಧವಾರ

ಪುನರುತ್ಥಾನದ ಹಬ್ಬ ಮುಗಿಯಿತು. ಹಾಡುಗಳಿಗೆ ನಿಂತಿದ್ದೆ, ಬಾಯಿ ತೆರೆಯಲಿಲ್ಲ.

ಇವತ್ತು ಬಸ್ಸು ಹತ್ತಿದೆ. ಯಾರೂ ಕಳಿಸಲಿಲ್ಲ, ಹೋಗಬೇಡಿ ಎಂದಿದ್ದರು. ಏನು ಹೇಳಬೇಕೆಂದು ಯೋಚಿಸಿಕೊಂಡೂ ಹೋಗಲಿಲ್ಲ. ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲೆ ಒಂದು ತಾಸು ಕುಳಿತು ಬರೋಣ ಎಂದುಕೊಂಡೆ.

ಬಾಗಿಲು ತೆರೆದೇ ಇತ್ತು. ಕಾಕೂ ಗೋಡೆಗೆ ಒರಗಿ ಕುಳಿತಿದ್ದರು. ಕಣ್ಣುಗಳು ಒಳಗೆ ಹೋಗಿದ್ದವು.

“ಕಾಕೂ, ನಾನು…”

“ಮಾತಾಡಬ್ಯಾಡ. ಕುಂದರು.”

ಕುಳಿತೆ. ಮೊದಲ ಸಲ ನನ್ನನ್ನು ಏಕವಚನದಲ್ಲಿ ಕರೆದರು. ಸಿಟ್ಟಿಗೋ, ಬೇರೆ ಯಾವುದಕ್ಕೋ ತಿಳಿಯಲಿಲ್ಲ. ಮೇಲಿನ ಹೆಂಚುಗಳ ಸೀಳಿನಿಂದ ಬಿಸಿಲು ಎಳೆಎಳೆಯಾಗಿ ನೆಲದ ಮೇಲೆ ಬಿದ್ದಿತ್ತು.

ಅದು ನನ್ನ ಪಾದದ ತನಕ ಸರಿದಾಗ, “ನಿನ್ನ ಗಂಡ ಹೆಂಗ ಹ್ವಾದ?” ಎಂದು ಕೇಳಿದರು.

ಹೇಳಿದೆ. ಕೈಗಳ ಬಗ್ಗೆಯೂ ಹೇಳಿದೆ. ಬೆರಳು ಆಡಿಸಿದ್ದನ್ನೂ. ಬಾಗಿಲಿನ ಗಾಜು ನನ್ನ ಉಸಿರಿಗೆ ಮಬ್ಬಾಗುತ್ತಿತ್ತು, ನಾನು ಒರೆಸುತ್ತ ಒರೆಸುತ್ತ ನೋಡುತ್ತಿದ್ದೆ ಎಂದೂ ಹೇಳಿದೆ. ನಮ್ಮ ಕಥೆ ತೆಗೆಯಬಾರದು ಎಂಬ ನಿಯಮ ಈಗ ಬರೆಯುವಾಗ ನೆನಪಾಗುತ್ತಿದೆ.

ಕಾಕೂ ಸಮಾಧಾನ ಮಾಡಲಿಲ್ಲ, ಪ್ರಾರ್ಥನೆ ಮಾಡಲಿಲ್ಲ. ಆಮೇಲೆ ಹೇಳಿದರು, “ಅವರು ಹ್ವಾದಾಗಿಂದ ನಿದ್ದಿ ಹತ್ತವಲ್ದು. ಕೈ ಹಗುರ ಆಗಿಬಿಟ್ಟೈತಿ.”

ಹಾಸಿಗೆಯಡಿಯಿಂದ ಹಸಿರು ಪಟ್ಟಿ ತೆಗೆದರು. ಒಂದು ತುದಿಯನ್ನು ತಮ್ಮ ಮಣಿಕಟ್ಟಿಗೆ ಕಟ್ಟಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿ, ಇನ್ನೊಂದು ತುದಿಯನ್ನು ನನ್ನ ಕಡೆ ಚಾಚಿದರು.

ಅವರು ನನ್ನನ್ನು ಕ್ಷಮಿಸಿದರು ಎಂದು ಇಲ್ಲಿ ಬರೆಯುವುದಿಲ್ಲ. ಅವರು ಹಾಗೆ ಹೇಳಲಿಲ್ಲ. ಅವರು ಹೇಳದ್ದನ್ನು ಸೇರಿಸುವುದೂ ಬೇಡ, ಹೇಳಿದ್ದನ್ನು ಬಿಡುವುದೂ ಬೇಡ.

ಕಟ್ಟಿಕೊಂಡೆ. ಒಂದೇ ಕೈಯಲ್ಲಿ ಗಂಟು ಹಾಕಲು ಬರಲಿಲ್ಲ, ಹಲ್ಲಿನಿಂದ ಬಿಗಿದೆ. ಬಟ್ಟೆಗೆ ಹರಳೆಣ್ಣೆಯ ವಾಸನೆಯಿತ್ತು.

ಸ್ವಲ್ಪ ಹೊತ್ತಿಗೆ ಅವರ ಉಸಿರು ಭಾರವಾಯಿತು. ಬಿಸಿಲಿನ ಎಳೆಗಳು ಗೋಡೆ ಹತ್ತಿದವು. ಕೊನೆಯ ಬಸ್ಸಿಗೆ ಎಷ್ಟು ಹೊತ್ತಿದೆಯೋ ಎಂದು ಫೋನು ನೋಡಲು ಕೈ ಎಳೆದುಕೊಂಡೆ. ಪಟ್ಟಿ ಜಗ್ಗಿತು.

ಕಣ್ಣು ತೆರೆಯದೆಯೇ ಕೇಳಿದರು, “ಎಲ್ಲಿ ಹೊಂಟ್ರಿ?”

ಕೈಯನ್ನು ಮತ್ತೆ ನೆಲದ ಮೇಲಿಟ್ಟೆ.

“ಎಲ್ಲೂ ಇಲ್ಲ,” ಎಂದೆ.